ಎರಡೇ ಎರಡು ಮಾತು

ನಮ್ಮ ಕಡೆ ವೇದಿಕೆ ಹತ್ತಿದವರು "ಎರಡೇ ಎರಡು ಮಾತಾಡಿ ಮುಗಿಸುತ್ತೇನೆ" ಎಂದರೆ, ಸಭೆಯಲ್ಲಿ ಅನುಭವವಿದ್ದವರು ಚಪ್ಪಲಿ ಬಿಚ್ಚಿ ಕಾಲು ಮಡಚಿ ಕೂರುತ್ತಾರೆ. "ನಾಲ್ಕು ಮಾತು" ಎಂದರೆ ಹೊರಗೆ ಹೋಗಿ ಕಾಫಿ ಕುಡಿದು ಬರಬಹುದು. "ನಾನು ಹೆಚ್ಚು ಮಾತಾಡುವವನಲ್ಲ" ಎಂದರೆ ಮನೆಗೇ ಹೋಗಿ ಸ್ನಾನ ಮಾಡಿ ಬರಬಹುದು. ಮಾತಿನ ಲೆಕ್ಕದಲ್ಲಿ ನಮ್ಮಷ್ಟು ಉದಾರಿಗಳು ಬೇರೆಲ್ಲೂ ಇರಲಾರರು. ಇಂಥ ಊರಿನಲ್ಲಿ ಹುಟ್ಟಿ ಬೆಳೆದ ನಾನು ಮಾತನ್ನು ಒಂದೊಂದಾಗಿ ಎಣಿಸಲು ಹೊರಟೆ. ಕೆಡುವುದಕ್ಕೆ ಬೇರೆ ದಾರಿಗಳೂ ಇದ್ದವು, ನನಗೆ ಹೊಳೆಯಲಿಲ್ಲ.

ಈ ಚಟ ಹತ್ತಿಸಿದವರು ಶಿವಮೊಗ್ಗದ ಒಂದು ಸಣ್ಣ ದಿನಪತ್ರಿಕೆಯ ಸಂಪಾದಕರು. ತೊಂಬತ್ತರ ದಶಕದ ನಡುವಿನ ಸಂಗತಿ. ಹಗಲು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಅವರಿಗೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದೆ. ಅಲ್ಲಿಯವರೆಗೆ ಅವರು ಬರಹವನ್ನು ಅಳೆಯುತ್ತಿದ್ದದ್ದು ಕೈಯಿಂದ. ನನ್ನ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಗೇಣು ಹಾಕಿ, ಒಂದೂವರೆ ಕಾಲಂ ಆಗುತ್ತದೆ ಎನ್ನುತ್ತಿದ್ದರು. ಸರಿಯಾಗಿ ಅಷ್ಟೇ ಆಗುತ್ತಿತ್ತು. ಅದೇನಾಯಿತೋ, ಕಚೇರಿಗೆ ಕಂಪ್ಯೂಟರ್ ಬಂದ ವಾರವೇ ಅವರ ಗೇಣು ಮಾಯವಾಗಿ ಭಾಷೆ ಬದಲಾಯಿತು. ಇನ್ನು ಮೇಲೆ ನಾನೂರು ಪದ, ಒಂದು ಹೆಚ್ಚಾದರೂ ಕತ್ತರಿ ಎಂದರು. ಕಂಪ್ಯೂಟರ್ ತಾನೇ ಎಣಿಸಿ ಹೇಳುತ್ತದಂತೆ. ಹಾಗೆನ್ನುವಾಗ ಹೊಸ ಅಳಿಯನನ್ನು ಪರಿಚಯಿಸುವ ಮಾವನ ಹೆಮ್ಮೆ ಅವರ ಮುಖದಲ್ಲಿತ್ತು.

ನನ್ನ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕೋಟೆಯ ಹಳೆಯ ಬೀದಿಯ ಆ ಮನೆಯಲ್ಲಿ ಒಂದು ಮೇಜು, ಒಂದು ಪೆನ್ಸಿಲ್, ಒಬ್ಬಳು ಹೆಂಡತಿ ಇದ್ದರು. ಬರೆದು ಮುಗಿಸಿದ ಮೇಲೆ ಪೆನ್ಸಿಲ್ಲಿನಿಂದ ಪ್ರತಿ ಪದದ ನೆತ್ತಿಗೂ ಒಂದು ಚುಕ್ಕೆ ಇಟ್ಟು ಎಣಿಸುತ್ತಿದ್ದೆ. ನಡುವೆ ಯಾರಾದರೂ ಬಾಗಿಲು ಬಡಿದರೆ ಲೆಕ್ಕ ತಪ್ಪಿ ಮತ್ತೆ ಮೊದಲಿಂದ. ಅಕ್ಕಿಯಲ್ಲಿ ಕಲ್ಲು ಆರಿಸುವವನ ಹಾಗೆ ಕೂತಿದ್ದೀರಿ, ಅದನ್ನೇ ಆರಿಸಿಕೊಟ್ಟಿದ್ದರೆ ಮನೆಗಾದರೂ ಉಪಯೋಗವಾಗುತ್ತಿತ್ತು ಎಂದು ಹೆಂಡತಿ ಹೇಳುತ್ತಿದ್ದಳು. ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಅಕ್ಕಿಯನ್ನೂ ತಾನೇ ಆರಿಸುತ್ತಿದ್ದಳು.

ಆದರೆ ಕನ್ನಡದಲ್ಲಿ ಪದ ಎಂದರೆ ಎಷ್ಟು ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ. "ಬರಬೇಕು ಎಂದು ಇದ್ದ ಅವನು" ಎಂದು ಬರೆದರೆ ನಾಲ್ಕು ಪದ. "ಬರಬೇಕೆಂದಿದ್ದವನು" ಎಂದರೆ ಒಂದೇ. ಮೂರು ಪದ ಲಾಭ! ಹೈಸ್ಕೂಲಿನಲ್ಲಿ ಏಟು ತಿಂದು ಕಲಿತ ಲೋಪ, ಆಗಮ, ಆದೇಶ ಸಂಧಿಗಳು ಇಪ್ಪತ್ತೈದು ವರ್ಷಗಳ ಮೇಲೆ ನನ್ನ ಕೈ ಹಿಡಿದವು. ಕಂಪ್ಯೂಟರಿಗೆ ವ್ಯಾಕರಣ ಬಾರದು, ಅದು ಎಣಿಸುವುದು ನಡುವಿನ ಖಾಲಿ ಜಾಗವನ್ನು. ನಾನು ಖಾಲಿ ಜಾಗವನ್ನೇ ಇಲ್ಲವಾಗಿಸಿದೆ. ಕೂಡಿಸಬಹುದಾದದ್ದನ್ನೆಲ್ಲ ಕೂಡಿಸಿದೆ, ಕೂಡಿಸಬಾರದ್ದನ್ನೂ ಒಂದಿಷ್ಟು ಕೂಡಿಸಿದೆ. ನನ್ನ ವಾಕ್ಯಗಳು ಗೂಡ್ಸ್ ಗಾಡಿಯ ಹಾಗೆ ಉದ್ದವಾದವು. ಕಂಪ್ಯೂಟರ್ ಮಾತ್ರ ಪ್ರತಿ ವಾರವೂ ನಾನೂರೇ ಎಂದು ಸಾಕ್ಷಿ ಹೇಳುತ್ತಿತ್ತು.

ಸುಖ ಹೆಚ್ಚು ದಿನ ಉಳಿಯಲಿಲ್ಲ. ನನ್ನ ಅಂಕಣದ ಕೆಳಗೆ ಅಡಿಕೆ ಧಾರಣೆಯ ಪಟ್ಟಿ ಬರುತ್ತಿತ್ತು. ನಾನೂರು ಪದಗಳ ನನ್ನ ಗೂಡ್ಸ್ ಗಾಡಿ ಒಂದು ವಾರ ಜಾಗ ಸಾಲದೆ ಕೆಳಗಿಳಿದು ಆ ಪಟ್ಟಿಯ ಕೊನೆಯ ಸಾಲುಗಳನ್ನು ನುಂಗಿತು. ಬೆಳಗಾಗುತ್ತಲೇ ಕುಂಸಿಯ ಕಡೆಯಿಂದ ಪತ್ರಿಕೆಗೆ ಫೋನು ಶುರುವಾಯಿತು: ರಾಶಿ ಅಡಿಕೆಯ ರೇಟು ಎಲ್ಲಿ? ನನ್ನ ಅಂಕಣ ಹೇಗಿತ್ತು ಎಂದು ಕೇಳಲು ಒಬ್ಬನೂ ಫೋನು ಮಾಡಲಿಲ್ಲ. ಸಂಪಾದಕರು ನನ್ನನ್ನು ಕರೆಸಿ, ಎದುರಿಗೆ ಕೂರಿಸಿ, ನಿಧಾನವಾಗಿ ಹೇಳಿದರು.

"ನಿಮ್ಮ ಸಂಧಿಯಿಂದ ನಮ್ಮ ಮಂಡಿ ಮುಳುಗ್ತು ಮಾರಾಯ್ರೆ. ಇನ್ಮೇಲೆ ಬಿಡಿಸಿ ಬರೀರಿ."

ಅಂದಿನಿಂದ ಅವರು ಕಂಪ್ಯೂಟರಿನ ಲೆಕ್ಕ ನೋಡಿದ ಮೇಲೆ ಪರದೆಯ ಮೇಲೂ ಒಮ್ಮೆ ಗೇಣು ಹಾಕಿ ನೋಡುತ್ತಿದ್ದರು.

ಪದದ ಲೆಕ್ಕ ಹೀಗೆ ಮುಗಿಯಿತು ಎನ್ನುವಾಗ ನಿಮಿಷದ ಲೆಕ್ಕ ಶುರುವಾಯಿತು. ಭದ್ರಾವತಿಯ ರೇಡಿಯೋದಿಂದ ಹತ್ತು ನಿಮಿಷದ ಭಾಷಣಕ್ಕೆ ಕರೆ ಬಂತು. ಅಲ್ಲಿನ ಕಾರ್ಯಕ್ರಮ ನೋಡಿಕೊಳ್ಳುವ ಹೆಂಗಸಿಗೆ ನಾನು ಮೊದಲು ಕೇಳಿದ್ದೇ ಹತ್ತು ನಿಮಿಷಕ್ಕೆ ಎಷ್ಟು ಪದ ಎಂದು. ಪದ ಎಣಿಸಬೇಡಿ, ಗಟ್ಟಿಯಾಗಿ ಓದಿ ಗಡಿಯಾರ ನೋಡಿ ಎಂದರು ಆಕೆ. ನಮ್ಮ ಮನೆಯ ಗಡಿಯಾರಕ್ಕೆ ತನ್ನದೇ ಅಭಿಪ್ರಾಯಗಳಿದ್ದವು, ನಂಬುವ ಹಾಗಿರಲಿಲ್ಲ. ನಂಬಿಗಸ್ತವಾಗಿದ್ದದ್ದು ಅಡುಗೆಮನೆಯ ಕುಕ್ಕರ್ ಒಂದೇ. ಹೆಂಡತಿ ಬೇಳೆಗಿಟ್ಟಾಗ ನಾನು ಬಾಗಿಲಲ್ಲಿ ನಿಂತು ಓದಲು ಶುರು ಮಾಡುವುದು, ಮೂರನೆಯ ಸೀಟಿಗೆ "ನಮಸ್ಕಾರ" ಎನ್ನುವುದು. ಬೇಳೆ ಬೆಂದರೆ ಭಾಷಣವೂ ಬೆಂದಂತೆ. ಎಷ್ಟೋ ಸಲ ಮುಖ್ಯವಾದ ವಾಕ್ಯದ ಮೇಲೆಯೇ ಸೀಟಿ ಬಿದ್ದು ನನಗೆ ಮುಖಭಂಗವಾಗಿದೆ.

ಇಷ್ಟೆಲ್ಲ ಬೇಯಿಸಿಕೊಂಡು ಹೋದವನು ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದ್ದೇ ತಡ, ಹತ್ತು ನಿಮಿಷದ್ದನ್ನು ಏಳು ನಿಮಿಷಕ್ಕೆ ಓದಿ ಬೆವರು ಒರೆಸಿಕೊಂಡೆ. ಗಾಜಿನ ಆಚೆಯಿಂದ ಆಕೆ, ಹಿಂದೆ ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೇ ಎಂದು ಕೇಳಿ, ಮತ್ತೆ ಓದಿಸಿದರು. ಎರಡನೆಯ ಸಲ ಹೆದರಿಕೆ ಹೋಗಿ ಹನ್ನೆರಡು ನಿಮಿಷವಾಯಿತು. ಒಂದೇ ಹಾಳೆ, ಅವೇ ಪದಗಳು. ಆಮೇಲೆ ಹೋಗುತ್ತಾ ಬರುತ್ತಾ ಪಳಗಿದೆ. ನಮ್ಮ ಬೀದಿಯಲ್ಲಿ ನನಗೊಂದು ಹೆಸರೂ ಬಂತು. ರಾಜ್ಯೋತ್ಸವಕ್ಕೆ ಮಾತಾಡುವವರು, ಮದುವೆ ಮನೆಯಲ್ಲಿ ಹಾರೈಸುವವರು ಬಂದು, ಮೂರು ನಿಮಿಷಕ್ಕೆ ಎಷ್ಟು ಪದ ಹಿಡಿಯುತ್ತದೆ ಎಂದು ಬಟ್ಟೆ ಅಂಗಡಿಯಲ್ಲಿ ಜುಬ್ಬಕ್ಕೆ ಎಷ್ಟು ಮೀಟರ್ ಎಂದು ಕೇಳುವ ಹಾಗೆ ಕೇಳುತ್ತಿದ್ದರು. ನಾನೂ ಗಂಭೀರವಾಗಿ ಅವರನ್ನು ಮೇಲಿಂದ ಕೆಳಗೆ ನೋಡಿ ಹೇಳುತ್ತಿದ್ದೆ. ದಪ್ಪ ಇದ್ದವರಿಗೆ ಉಸಿರು ಸಾಲದು, ಸ್ವಲ್ಪ ಕಡಿಮೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾದಾಗ, ಒಂದು ಭಾನುವಾರ ಅಕ್ಕ ವಿದ್ಯಾನಗರದಿಂದ ನಮ್ಮ ಮನೆಗೆ ಬಂದಳು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮೂವತ್ತು ವರ್ಷಕ್ಕೂ ಮೇಲೆ ದಿನವೂ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿ ಬಂದವಳು. ನನಗೆ ಮಗ್ಗಿ ಕಲಿಸಿದ್ದೂ ಅವಳೇ. ಹದಿಮೂರರ ಮಗ್ಗಿಯಲ್ಲಿ ನಾನು ಎಡವಿದಾಗಲೆಲ್ಲ ಅವಳು ಹಿಂಡಿದ ಬಲಗಿವಿ ಎಡಗಿವಿಗಿಂತ ತುಸು ಉದ್ದವಿದೆ ಎಂದು ನನ್ನ ಅನುಮಾನ. ಆ ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ಬಂದವಳು ಚಹಾ ಕೂಡ ಕೇಳದೆ ವಿಷಯಕ್ಕೆ ಬಂದಳು: ಬೀಳ್ಕೊಡುಗೆ ಸಮಾರಂಭದಲ್ಲಿ ಅವಳಿಗೂ ಐದು ನಿಮಿಷ ಮೈಕು ಕೊಡುತ್ತಾರಂತೆ, ಅದಕ್ಕೊಂದು ಭಾಷಣ ಬರೆದುಕೊಡಬೇಕಂತೆ.

ನನಗೆ ನಗು ಬಂತು. ದಿನಕ್ಕೆ ಐದು ಪೀರಿಯಡ್ ಮಾತಾಡುವವಳಿಗೆ ಐದು ನಿಮಿಷದ ಭಾಷಣಕ್ಕೆ ತಮ್ಮ ಬೇಕೇ ಎಂದೆ. ಅದು ಪಾಠ, ಇದು ಮಾತು ಎಂದಳು. ಅಷ್ಟು ವರ್ಷಗಳಲ್ಲಿ ಶಾಲೆಯ ವೇದಿಕೆಯ ಮೇಲೆ ಅವಳಿಗೆ ಸಿಕ್ಕ ಕೆಲಸ ಎರಡೇ. ಗಂಟಲು ಚೆನ್ನಾಗಿದ್ದಷ್ಟು ಕಾಲ ಪ್ರಾರ್ಥನೆ, ಗಂಟಲು ಕೆಟ್ಟ ಮೇಲೆ ವಂದನಾರ್ಪಣೆ. ವಂದನಾರ್ಪಣೆ ಎಂದರೆ ನಿಮಗೆ ಗೊತ್ತಿರುವುದೇ, ಜನ ಎದ್ದು ಕುರ್ಚಿ ಸರಿಸುವ ಸದ್ದಿನಲ್ಲಿ ಶಾಮಿಯಾನದವನ ಹೆಸರನ್ನು ಕೂಗಿ ಹೇಳುವುದು.

ಏನು ಹೇಳಬೇಕು ಎಂದಿದ್ದೀಯ ಎಂದು ಕೇಳಿದೆ. ಅಕ್ಕ ಸೆರಗಿನ ಅಂಚು ಸುತ್ತುತ್ತಾ ಹೇಳಿದಳು.

"ನಮ್ಮ ಸ್ಕೂಲಲ್ಲಿ ಗಂಡಸ್ರು ರಿಟೈರ್ ಆದ್ರೆ ವಿಷಯದ ಮೇಲೆ ಏನು ಹಿಡಿತ ಅಂತಾರೆ. ಹೆಂಗಸ್ರಾದ್ರೆ ತಾಳ್ಮೆಯ ಮೂರ್ತಿ. ಪ್ರತಿಯೊಬ್ರಿಗೂ ಅದೇ. ನಂಗೆ ತಾಳ್ಮೆ ಎಲ್ಲಿದೆ ಮಾರಾಯ, ನಿನ್ನ ಕಿವಿನೇ ಹೇಳತ್ತೆ. ನಂಗೆ ಲೆಕ್ಕ ಬರತ್ತೆ. ಅದೊಂದನ್ನ ಯಾರೂ ಹೇಳಿಲ್ಲ. ನಾನೇ ಹೇಳಿ ಇಳೀಬೇಕು."

ನಾನು ಎರಡು ದಿನ ಕೂತು ಬರೆದೆ. ತಾಳ್ಮೆ ಎಂಬ ಪದ ಬರದ ಹಾಗೆ ಎಚ್ಚರ ವಹಿಸಿದೆ. ಅಕ್ಕ ಓದಿ, ಪರ್ಸಿನಿಂದ ಕೆಂಪು ಪೆನ್ನು ತೆಗೆದು, ಮೊದಲ ಸಾಲಿನಲ್ಲಿದ್ದ "ಸಹನೆ" ಎಂಬುದರ ಸುತ್ತ ಒಂದು ಸೊನ್ನೆ ಸುತ್ತಿದಳು. ಎರಡನೆಯ ಸಾಲಿನ "ತ್ಯಾಗ"ಕ್ಕೆ ಇನ್ನೊಂದು. ಆಮೇಲೆ ಹಾಳೆಯನ್ನೇ ಮಡಚಿ, ನಿನಗೆ ಪದ ಎಣಿಸಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲವಾದ್ದರಿಂದ ನನಗೆ ಬಹಳ ಸಿಟ್ಟು ಬಂತು.

ಕೊನೆಗೆ ತಾನೇ ಬರೆದು ತಂದಳು. ಒಂದೂವರೆ ಹಾಳೆ, ಸಂಧಿ ಇಲ್ಲ, ಸಮಾಸ ಇಲ್ಲ. ಕೆಲಸಕ್ಕೆ ಸೇರಿದ ವರ್ಷ ಅವಳಿಗೆ ಕೊಟ್ಟದ್ದು ಹೊಲಿಗೆ ಪಾಠ. ಹೆಂಗಸು ಲೆಕ್ಕ ಹೇಳಿಕೊಟ್ಟರೆ ಹತ್ತನೆಯ ಕ್ಲಾಸಿನ ಗಂಡುಹುಡುಗರು ಕೇಳುವುದಿಲ್ಲ ಎಂದಿದ್ದರಂತೆ. ಗಣಿತದ ಮೇಷ್ಟ್ರಿಗೆ ಕಾಮಾಲೆಯಾಗಿ ರಜೆ ಹಾಕಿದಾಗ ಅವರ ಕ್ಲಾಸು ಇವಳಿಗೆ ಬಂತು. ಮೇಷ್ಟ್ರು ಗುಣವಾಗಿ ಬಂದರು, ಕ್ಲಾಸನ್ನು ಇವಳು ವಾಪಸು ಕೊಡಲಿಲ್ಲ. ಬೋರ್ಡಿನ ಮೇಲೆ ಒಂದು ಪ್ರಮೇಯ ಬಿಡಿಸುತ್ತಾ ಹೋದಾಗ, ಕೊನೆಯ ಸಾಲಿಗೆ ಒಂದು ಸಾಲು ಮೊದಲು, ಇಡೀ ಕ್ಲಾಸು ತಾನಾಗಿ ಸುಮ್ಮನಾಗುವ ಒಂದು ಗಳಿಗೆ ಇದೆಯಂತೆ. ಆ ಗಳಿಗೆಗಾಗಿ ಇಷ್ಟು ವರ್ಷ ಬಸ್ಸು ಹತ್ತಿದೆ, ಸಂಬಳ ಆಮೇಲಿನ ಮಾತು ಎಂದು ಬರೆದಿದ್ದಳು. ಓದಿ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಅಂಕಣಗಳಲ್ಲಿ ಅಂಥದ್ದು ಒಂದು ವಾಕ್ಯವೂ ಇರಲಿಲ್ಲ.

ನನ್ನ ಪಾಲಿಗೆ ಉಳಿದದ್ದು ಕುಕ್ಕರ್ ನೋಡುವ ಕೆಲಸ. ಲೆಕ್ಕದ ಪ್ರಕಾರ ಐದು ನಿಮಿಷಕ್ಕೆ ಮುಗಿಯಬೇಕಾದದ್ದು, ಅಕ್ಕ ಓದಿದರೆ ಬೇಳೆ ಕರಗಿ ನೀರಾದರೂ ಮುಗಿಯುತ್ತಿರಲಿಲ್ಲ. ಯಾಕೆಂದು ನೋಡಿದರೆ, ಪ್ರತಿ ವಾಕ್ಯವನ್ನೂ ಎರಡೆರಡು ಸಲ ಹೇಳುತ್ತಿದ್ದಳು, ಹೇಳಿ "ಅರ್ಥ ಆಯ್ತಾ?" ಎಂದು ಕೇಳುತ್ತಿದ್ದಳು, ಕೇಳಿ ಉತ್ತರಕ್ಕೆ ಕಾಯುತ್ತಿದ್ದಳು. ಹಾಳೆಯಲ್ಲಿ ಎಲ್ಲೂ ಇಲ್ಲದ ಈ "ಅರ್ಥ ಆಯ್ತಾ" ಬಿಡಿಸಲು ಎರಡು ವಾರ ಬೇಕಾಯಿತು. ಅವಳು ಬಾಯಿ ತೆರೆದಾಗಲೆಲ್ಲ ನಾನು ಚಮಚದಿಂದ ಲೋಟ ಬಡಿಯುತ್ತಿದ್ದೆ. ಕೊನೆಗೂ ಒಂದು ಸಂಜೆ ಸರಿಯಾಗಿ ಐದು ನಿಮಿಷಕ್ಕೆ ಮುಗಿಸಿದಳು. ನಾನು ಕೊಟ್ಟ ಸಲಹೆ ಒಂದೇ, ಅದನ್ನು ಅವಳು ಒಪ್ಪಿಕೊಂಡಳು. ಮುಖ್ಯವಾದ ಮಾತನ್ನು ಕೊನೆಗಿಡು, ಚಪ್ಪಾಳೆ ಅದರ ಮೇಲೆ ಬೀಳುತ್ತದೆ ಎಂದಿದ್ದೆ. ಹಾಗಾಗಿ ಹಾಳೆಯ ಕೊನೆಯ ಸಾಲಿನಲ್ಲಿ ಮೂರೇ ಪದ ಇದ್ದವು: ನನಗೆ ಲೆಕ್ಕ ಬರುತ್ತದೆ.

ಸಮಾರಂಭದ ದಿನ ಅಕ್ಕನ ಜೊತೆ ನಾನೂ ಭದ್ರಾವತಿಗೆ ಹೋದೆ. ಹತ್ತೂವರೆಗೆ ಎಂದು ಕಾರ್ಡಿನಲ್ಲಿತ್ತು. ಮುಖ್ಯ ಅತಿಥಿಗಳು ಬರುವ ತನಕ ಮಕ್ಕಳಿಂದ ಭಾವಗೀತೆ ಹಾಡಿಸಿದರು, ಅವರ ಗೀತೆಗಳು ಮುಗಿದು ಮೊದಲಿನಿಂದ ಮತ್ತೆ ಶುರುವಾದಾಗ ಅತಿಥಿಗಳು ಬಂದರು. ಕಾರ್ಯಕ್ರಮ ನಿರೂಪಿಸುತ್ತಿದ್ದವರು ಶಾಲೆಯ ಕನ್ನಡ ಪಂಡಿತರು. ನನಗೆ ರೇಡಿಯೋದ ಅನುಭವವಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, ಸಮಯ ಪಾಲನೆಯ ಜವಾಬ್ದಾರಿ ನನ್ನದೇ ಎಂದು ಒಂದು ಕಟ್ಟು ಚೀಟಿ ಕೈಗಿಟ್ಟರು. ಮಾತು ಉದ್ದವಾದರೆ ಚೀಟಿ ಬರೆದು ವೇದಿಕೆಗೆ ಕಳಿಸುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ಪದ್ಧತಿ. ಅದನ್ನು ಯಾರೂ ಲೆಕ್ಕಿಸದಿರುವುದೂ ಅಷ್ಟೇ ಹಿಂದಿನಿಂದ ಬಂದ ಪದ್ಧತಿ.

ಮೊದಲು ಮಾತಾಡಿದವರು ಒಬ್ಬ ನಿವೃತ್ತ ಅಧಿಕಾರಿ. ಎರಡೇ ಎರಡು ಮಾತು ಎಂದು ಆರಂಭಿಸಿ, ತಮ್ಮ ಬಾಲ್ಯ, ತಮ್ಮ ಮೊದಲ ಪೋಸ್ಟಿಂಗು, ತಮಗಾದ ವರ್ಗಾವಣೆಗಳು ಎಂದು ಒಂದೊಂದೇ ತಾಲ್ಲೂಕು ದಾಟುತ್ತಾ ಹೋದರು. "ದಯವಿಟ್ಟು ಎರಡು ನಿಮಿಷದಲ್ಲಿ ಮುಗಿಸಿ" ಎಂದು ಬರೆದು ಕಳಿಸಿದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಮೈಕಿನಲ್ಲೇ ಓದಿ, ನೋಡಿ, ಇಂದಿನ ಪೀಳಿಗೆಗೆ ಎಷ್ಟು ಅವಸರ ಎಂದು ಆ ವಿಷಯದ ಮೇಲೆ ಹೊಸದಾಗಿ ಮಾತಾಡಿದರು. ಸಭೆ ಚಪ್ಪಾಳೆ ತಟ್ಟಿತು. ಅಕ್ಕನ ಬಗ್ಗೆ ಕೊನೆಯಲ್ಲಿ ಒಂದು ವಾಕ್ಯ ಬಂತು: ತಾಳ್ಮೆಗೆ ಇನ್ನೊಂದು ಹೆಸರು.

ಎರಡನೆಯವರು ಊರಿನ ಮುಖಂಡರು. ಅವರಿಗೆ ಕಳಿಸಿದ ಚೀಟಿಯನ್ನು ಯಾರೋ ಕೊಟ್ಟ ಅರ್ಜಿ ಎಂದುಕೊಂಡರೋ ಏನೋ, ಓದದೆಯೇ ಜೇಬಿಗೆ ಹಾಕಿಕೊಂಡು, ಮಾಡಿಸಿಕೊಡೋಣ ಎಂಬಂತೆ ನನ್ನ ಕಡೆ ಕೈ ಎತ್ತಿದರು. ಅವರ ಪ್ರಕಾರ ಅಕ್ಕ ತಾಳ್ಮೆಯಲ್ಲಿ ಭೂಮಿತಾಯಿ.

ಆಮೇಲೆ ಕಾರ್ಡಿನ ಪ್ರಕಾರ ಸನ್ಮಾನಿತರ ನುಡಿ, ಅಂದರೆ ಅಕ್ಕನ ಸರದಿ. ಆದರೆ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಶಿವಮೊಗ್ಗದಲ್ಲಿ ಇನ್ನೊಂದು ಕಾರ್ಯಕ್ರಮ ಇತ್ತು. ಹಾಗಾಗಿ ಅವರು ಮೊದಲು ಮಾತಾಡಿ ಹೊರಡುತ್ತಾರೆ ಎಂದು ಪಂಡಿತರು ಘೋಷಿಸಿದರು. ಅವಸರದಲ್ಲಿದ್ದವರು ಎಷ್ಟು ಹೊತ್ತು ಮಾತಾಡಬಲ್ಲರು ಎಂಬುದನ್ನು ನಾನು ಅಂದು ಕಲಿತೆ. ಅಕ್ಕನಿಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಮೇಲೆ ಒಂದು ದೊಡ್ಡ ಗೋಡೆ ಗಡಿಯಾರ ಕೊಟ್ಟರು. ಕೊಟ್ಟ ಮೇಲೆ ಸಮಯದ ಬೆಲೆ ಏನು ಎಂಬುದನ್ನು ಕುರಿತು ದೀರ್ಘವಾಗಿ ಮಾತಾಡಿದರು. ನಮ್ಮ ಮಕ್ಕಳಿಗೆ ಇಷ್ಟು ವರ್ಷ ತಾಳ್ಮೆಯಿಂದ ಹಿಂದಿ ಕಲಿಸಿದ ಮಹಾತಾಯಿ ಎಂದೂ ಹೇಳಿದರು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರು. ಪಂಡಿತರು ತಿದ್ದಲು ಬಾಯಿ ತೆರೆದು, ಅಧ್ಯಕ್ಷರ ಮುಖ ನೋಡಿ ಮುಚ್ಚಿಕೊಂಡರು.

ನಾನು ಅಕ್ಕನನ್ನು ನೋಡಿದೆ. ಕೊರಳಲ್ಲಿ ಹಾರ, ಮಡಿಲಲ್ಲಿ ಗಡಿಯಾರ, ಶಾಲಿನೊಳಗೆ ಮುಷ್ಟಿಯಲ್ಲಿ ಆ ಒಂದೂವರೆ ಹಾಳೆ. ನನಗೆ ಮೈ ಉರಿಯಿತು. ಚೀಟಿ ಬರೆಯುವ ಪೆನ್ನನ್ನು ಮುರಿದು ಹಾಕೋಣ ಅನ್ನಿಸಿತು. ಅಷ್ಟು ದಿನ ಲೋಟ ಬಡಿದು ಬಡಿದು ನಾನು ಅವಳ ಬಾಯಿಂದ ಒಂದೊಂದೇ ಪದ ಉಳಿಸಿದ್ದು ಇವರು ಖರ್ಚು ಮಾಡಲಿ ಎಂದೇ ಹಾಗಾದರೆ? ಕೊನೆಯ ಚೀಟಿಯಲ್ಲಿ ದಯವಿಟ್ಟು ಎಂಬುದನ್ನು ಬಿಟ್ಟು "ಮುಗಿಸಿ" ಎಂದಷ್ಟೇ ಬರೆದು ಕಳಿಸಿದೆ. ಅಧ್ಯಕ್ಷರು ಅದರಿಂದ ಹಣೆಯ ಬೆವರು ಒರೆಸಿಕೊಂಡರು.

ಅವರು ಮುಗಿಸಿ ಕಾರು ಹತ್ತುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ಅಡುಗೆ ಕಡೆಯಿಂದ ಹುಳಿಯ ವಾಸನೆ ಬಂದು ಸಭೆಯೊಳಗೆ ಓಡಾಡುತ್ತಿತ್ತು. ಬಡಿಸುವವರು ಎಲೆ ಹಾಕಿ ಬಾಗಿಲಲ್ಲಿ ಬಂದು ನಿಂತಿದ್ದರು. ಮೈಕ್ ಸೆಟ್ಟಿನವನಿಗೆ ಸಂಜೆ ಪೇಪರ್ ಟೌನಿನಲ್ಲಿ ಮದುವೆ ಆರತಕ್ಷತೆ, ಅವನು ಆಗಲೇ ಹಿಂದಿನ ಬಾಕ್ಸಿನ ವೈರು ಸುತ್ತಲು ಶುರು ಮಾಡಿ, "ಸೀಕ್ರಂ ಸಾರ್, ಸೀಕ್ರಂ" ಎಂದು ತಮಿಳಿನಲ್ಲಿ ಅವಸರಪಡಿಸುತ್ತಾ ನನ್ನ ಬೆನ್ನು ತಿವಿಯುತ್ತಿದ್ದ. ಸಮಯ ಪಾಲನೆ ನನ್ನ ಜವಾಬ್ದಾರಿ ಎಂದು ಅವನಿಗೂ ಯಾರೋ ಹೇಳಿದ್ದರು. ಪಂಡಿತರು ಮೈಕಿಗೆ ಬಂದರು.

"ಸಮಯದ ಅಭಾವ ಇರೋದ್ರಿಂದ, ಸನ್ಮಾನಿತರಾದ ಮೇಡಮ್ಮೋರು ಎರಡೇ ಎರಡು ಮಾತಾಡ್ಬೇಕು ಅಂತ ಕೇಳ್ಕೋತೀನಿ."

ಅಕ್ಕ ಎದ್ದಳು. ಗಡಿಯಾರವನ್ನು ಕುರ್ಚಿಯ ಮೇಲಿಟ್ಟು ಮೈಕಿನ ಹತ್ತಿರ ಬಂದಳು. ಹಾಳೆ ತೆಗೆದಳು, ಬಿಡಿಸಲಿಲ್ಲ. ಒಮ್ಮೆ ಸಭೆಯನ್ನು ನೋಡಿದಳು, ಒಮ್ಮೆ ಬಾಗಿಲಲ್ಲಿ ನಿಂತ ಬಡಿಸುವವರನ್ನು ನೋಡಿದಳು. ಜೀವಮಾನವಿಡೀ ಗಣಿತ ಕಲಿಸಿದವಳು. ಅವಳಿಗೆ ಎರಡು ಎಂದರೆ ಎರಡೇ.

"ಊಟಕ್ಕೆ ಏಳಿ" ಎಂದಳು.

ಆ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೆ ಬಿತ್ತು. ಮಕ್ಕಳು ಶಿಳ್ಳೆ ಹೊಡೆದರು. ನನ್ನ ತಲೆ ಎಂಥದ್ದೆಂದರೆ, ಆ ಸಿಟ್ಟಿನಲ್ಲೂ ಅದು ಎಣಿಸಿತು: ಸಂಧಿ ಮಾಡಿ ಹೇಳಿದ್ದರೆ ಒಂದೇ ಪದವಾಗುತ್ತಿತ್ತು, ಅಕ್ಕ ಬಿಡಿಸಿ ಹೇಳಿ ಎರಡರ ಲೆಕ್ಕ ಸರಿ ಮಾಡಿದಳು. ಊಟದ ಪಂಕ್ತಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಇಂಥ ಭಾಷಣ ಕೇಳಿಯೇ ಇರಲಿಲ್ಲ, ಎಷ್ಟು ಚುಟುಕು, ಎಷ್ಟು ಸಮಯಪ್ರಜ್ಞೆ. ನನ್ನ ಪಕ್ಕದ ಎಲೆಯಲ್ಲಿ ಕೂತಿದ್ದ ಪಂಡಿತರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಏನೇ ಹೇಳಿ ಸಾರ್, ನಿಮ್ಮ ಅಕ್ಕನವರ ತಾಳ್ಮೆ ದೊಡ್ಡದು ಎಂದರು. ಹೋಳಿಗೆ ಚೆನ್ನಾಗಿತ್ತು ಎಂದು ಆಮೇಲೆ ಕೇಳಿದೆ, ನನಗೆ ಇಳಿಯಲಿಲ್ಲ. ಅಕ್ಕ ಮಾತ್ರ ಬಡಿಸುವವರ ಜೊತೆ ಓಡಾಡಿ ಎಲ್ಲರಿಗೂ ಇನ್ನೊಂದು ಹಾಕಿಸುತ್ತಿದ್ದಳು.

ಸಂಜೆಯ ಬಸ್ಸಿನಲ್ಲಿ ನಮಗೆ ಮುಂದಿನಿಂದ ಎರಡನೆಯ ಸೀಟು ಸಿಕ್ಕಿತು. ಹಾರವನ್ನು ಅಕ್ಕ ಶಾಲೆಯ ಆಯಾಗೆ ಕೊಟ್ಟು ಬಂದಿದ್ದಳು. ಮಡಿಲಲ್ಲಿ ಗಡಿಯಾರ, ಅದಕ್ಕೆ ಸೆಲ್ ಹಾಕಿರಲಿಲ್ಲ, ಅಂಗಡಿಯಿಂದ ತಂದಾಗಿನ ಹತ್ತು ಗಂಟೆ ಹತ್ತು ನಿಮಿಷದಲ್ಲೇ ನಿಂತಿತ್ತು. ಹೋಗಲಿ ಬಿಡಕ್ಕ ಎಂದು ಏನೋ ಸಮಾಧಾನ ಹೇಳಲು ಹೊರಟೆ. ಅವಳು ಕೇಳಿಸಿಕೊಳ್ಳದೆ ಪರ್ಸು ತೆಗೆದು, ಕನ್ನಡಕ ಹಾಕಿ, ಹಾಳೆಯನ್ನು ಗಡಿಯಾರದ ಗಾಜಿನ ಮೇಲೆ ಹರಡಿ ಓದಲು ಶುರು ಮಾಡಿದಳು. ಮೆಲ್ಲಗಲ್ಲ, ಕ್ಲಾಸಿನ ದನಿಯಲ್ಲಿ.

ಅಭ್ಯಾಸಬಲ, ನನ್ನ ಕಣ್ಣು ಕೈಗಡಿಯಾರದ ಮೇಲೆ ಹೋಯಿತು. ಅಕ್ಕ ಓದುವುದನ್ನು ನಿಲ್ಲಿಸದೆ ತನ್ನ ಕೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ಅದನ್ನು ಮುಚ್ಚಿದಳು.

ಮೊದಲ ಪುಟ ಹಾಳೆಯಲ್ಲಿದ್ದಂತೆಯೇ ಹೋಯಿತು. ಆಮೇಲೆ ಬಸ್ಸು ಊರು ದಾಟಿ ಗಾಳಿ ಬೀಸತೊಡಗಿದ ಹಾಗೆ, ನಾವು ಕಷ್ಟಪಟ್ಟು ಓಡಿಸಿದ್ದೆಲ್ಲ ಒಂದೊಂದಾಗಿ ವಾಪಸು ಬಂತು. ವಾಕ್ಯಗಳು ಎರಡೆರಡು ಸಲ ಬಂದವು. ಹೊಲಿಗೆ ಪಾಠದ ಜಾಗದಲ್ಲಿ ಹಾಳೆಯಲ್ಲಿಲ್ಲದ ಒಂದು ಜಗಳ ಬಂತು, ಅದರಲ್ಲಿ ಅಕ್ಕ ಸೂಜಿಯ ಡಬ್ಬಿಯನ್ನು ಆಗಿನ ಹೆಡ್ ಮಾಸ್ಟರ ಮೇಜಿನ ಮೇಲೆ ಕುಕ್ಕಿದ್ದು ಗೊತ್ತಾಯಿತು. ತಾಳ್ಮೆಯ ಮೂರ್ತಿ! ಪ್ರಮೇಯದ ಭಾಗ ಬಂದಾಗ ಅವಳ ಬೆರಳು ಮುಂದಿನ ಸೀಟಿನ ಬೆನ್ನ ಮೇಲೆ ತ್ರಿಕೋನ ಎಳೆಯಿತು. ಎಳೆದು, "ಅರ್ಥ ಆಯ್ತಾ?" ಎಂದಿತು ಅಕ್ಕನ ಬಾಯಿ, ಅವಳನ್ನೂ ಮೀರಿ.

ನನ್ನ ಕೈಯಲ್ಲಿ ಬಡಿಯಲು ಲೋಟ ಇರಲಿಲ್ಲ. ಇದ್ದಿದ್ದರೂ ಬಡಿಯುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ತರಕಾರಿ ಚೀಲ ಹಿಡಿದು ಕೂತಿದ್ದ ಹೆಂಗಸೊಬ್ಬಳು ತಿರುಗದೆಯೇ, "ಆಯ್ತು ಟೀಚರ್" ಎಂದಳು. ಅಕ್ಕನ ಹಳೆಯ ವಿದ್ಯಾರ್ಥಿನಿಯೋ, ಸುಮ್ಮನೆ ಕೇಳಿಸಿಕೊಂಡವಳೋ, ಕೇಳಲಿಲ್ಲ. ಅಕ್ಕ ತಲೆ ಆಡಿಸಿ ಮುಂದುವರಿಸಿದಳು.

ವಿದ್ಯಾನಗರ ಬಂತು. ಕಂಡಕ್ಟರ್ ಮೂವತ್ತು ವರ್ಷ ಅಲ್ಲೇ ಇಳಿದವಳ ಗುರುತು ಹಿಡಿದು, ಮೇಡಂ, ನಿಮ್ಮ ಸ್ಟಾಪು ಎಂದ. ಅಕ್ಕ ಹಾಳೆಯಿಂದ ತಲೆ ಎತ್ತದೆ, ಹೋಗಲಿ ಎನ್ನುವಂತೆ ಕೈ ಬೀಸಿದಳು. ಅವನು ಸೀಟಿ ಊದಿದ. ಯಾವ ವಾಕ್ಯದ ಮೇಲೆ ಬಿತ್ತೋ ಗೊತ್ತಿಲ್ಲ, ಅಕ್ಕ ಆ ವಾಕ್ಯವನ್ನು ಮತ್ತೊಮ್ಮೆ ಓದಿದಳು. ಹೊಳೆಯ ಸೇತುವೆ ದಾಟಿತು. ಪೇಟೆಯ ಸದ್ದು ಶುರುವಾಯಿತು. ಕೊನೆಯ ಸಾಲಿಗೆ ಒಂದು ಸಾಲು ಮೊದಲು ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಆ ಗಳಿಗೆಯಲ್ಲಿ ನಾನು ಸುಮ್ಮನಿದ್ದೆ, ಮುಂದಿನ ಸೀಟಿನವಳೂ ಸುಮ್ಮನಿದ್ದಳು. ಅಷ್ಟರಲ್ಲಿ ಬಸ್ಸು ಗಕ್ಕನೆ ನಿಲ್ದಾಣದೊಳಗೆ ತಿರುಗಿತು, ಜನ ಎದ್ದರು, ಚೀಲಗಳು ನಮ್ಮ ತಲೆಯ ಮೇಲಿಂದ ಹೋದವು, ಬೇಗ ಬೇಗ ಇಳೀರಿ ಎಂದು ಕೂಗು ಬಂತು. ಅಕ್ಕ ಕನ್ನಡಕ ತೆಗೆದು ಹಾಳೆಯನ್ನು ಮಡಚಿದಳು. ಕೊನೆಯ ಸಾಲು ಒಳಗೇ ಉಳಿಯಿತು.

ಕೆಳಗಿಳಿದು ನಿಂತೆವು. ಗಡಿಯಾರ ಈಗ ನನ್ನ ಕಂಕುಳಲ್ಲಿತ್ತು. ಅಕ್ಕ ಸೀರೆಯ ನಿರಿಗೆ ಸರಿ ಮಾಡಿಕೊಂಡು ನನ್ನ ಕಡೆ ನೋಡಿದಳು.

"ಎಷ್ಟಾಯ್ತೋ?"

ಭದ್ರಾವತಿಯಿಂದ ಶಿವಮೊಗ್ಗದವರೆಗೆ ಆಗಿತ್ತು.

"ಐದು ನಿಮಿಷ" ಎಂದೆ. "ಬೇಕಾದ್ರೆ ಗಡಿಯಾರ ನೋಡು."

ಅಕ್ಕ ಗಡಿಯಾರ ನೋಡಿದಳು. ಅದು ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಆಮೇಲೆ ಕೈ ಚಾಚಿ ನನ್ನ ಬಲಗಿವಿ ಹಿಡಿದಳು. ನಿಲ್ದಾಣದ ಜನರೆಲ್ಲ ನೋಡುತ್ತಿದ್ದರು, ನನಗೆ ಆಗ ನಲವತ್ತೆಂಟು ವರ್ಷ.

"ಸುಳ್ಳು ಹೇಳ್ಬೇಡ ಮಾರಾಯ" ಎಂದಳು. "ನಂಗೆ ಲೆಕ್ಕ ಬರತ್ತೆ."